ಅಣ್ಣನ ಮೇಲಿನ ಕೋಪ, ಜಮೀನಿನ ಪಾಲು ಮತ್ತು ಸ್ಟೋಯಿಕರ ಮಾತು

ಪ್ರಶ್ನೆ: ಅಪ್ಪ ತೀರಿಕೊಂಡು ವರ್ಷ ಕಳೆಯಿತು. ಊರಿನ ಮನೆ, ಜಮೀನು ಎಲ್ಲವನ್ನೂ ಅಣ್ಣ ನೋಡಿಕೊಳ್ಳುತ್ತಿದ್ದಾನೆ. ಅಮ್ಮನೂ ಅವನ ಜೊತೆಗೇ ಇದ್ದಾರೆ. ಸರಿಯಾಗಿ ಅರ್ಧರ್ಧ ಹಂಚಿಕೊಳ್ಳೋಣ ಎಂದು ನೆಂಟರೆದುರು ಮಾತು ಕೊಟ್ಟಿದ್ದವನು ಈಗ ರಸ್ತೆ ಪಕ್ಕದ ಎರಡು ಎಕರೆ ತನಗೇ ಬೇಕು ಎನ್ನುತ್ತಿದ್ದಾನೆ. ತಂಗಿಯ ಸಹಿಯೊಂದು ಬೇಕು, ಅದೇನೂ ಕಷ್ಟವಿಲ್ಲ. ಕೆಲವು ತಿಂಗಳಿಂದ ಸ್ಟೋಯಿಕ್ ಎಂಬ ಹಳೆಯ ಗ್ರೀಕ್ ತತ್ತ್ವದ ಬಗ್ಗೆ ಓದುತ್ತಿದ್ದೇನೆ, ವಿಡಿಯೋಗಳನ್ನು ನೋಡುತ್ತಿದ್ದೇನೆ. ‘ನಿನ್ನ ಕೈಯಲ್ಲಿಲ್ಲದ್ದನ್ನು ಬಿಟ್ಟುಬಿಡು’ ಎಂಬ ಮಾತನ್ನು ಹಿಡಿದು ಸುಮ್ಮನಿದ್ದೇನೆ. ಜಗಳವಾದೀತೆಂದು, ಮನಶ್ಶಾಂತಿ ಹಾಳಾದೀತೆಂದು ಅಮ್ಮನನ್ನು ನೋಡಲೂ ಊರಿಗೆ ಹೋಗಿಲ್ಲ. ಹೆಂಡತಿ, ನೀವು ಕಲ್ಲಾಗಿಬಿಟ್ಟಿದ್ದೀರಿ ಎನ್ನುತ್ತಾಳೆ. ಆದರೆ ರಾತ್ರಿ ನಿದ್ದೆಯಿಲ್ಲ, ಒಳಗೆ ಕುದಿಯುತ್ತಿರುತ್ತದೆ. ಭಾವನೆಗಳನ್ನು ಅಡಗಿಸುವುದೇ ಸ್ಟೋಯಿಕ್ ದಾರಿಯೇ? ನಾನು ಕೋರ್ಟಿಗೆ ಹೋಗಲೋ, ಪಾಲು ಬಿಟ್ಟುಕೊಡಲೋ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೇಳಿರುವ ಎರಡು ಪ್ರಶ್ನೆಗಳಿವೆ, ಕೇಳದೆ ಬಿಟ್ಟಿರುವ ಮೂರನೆಯದೂ ಒಂದಿದೆ. ಮೂರನ್ನೂ ಎತ್ತಿಕೊಳ್ಳುತ್ತೇನೆ. ಮೊದಲನೆಯದಕ್ಕೆ ಉತ್ತರವನ್ನು ಸುತ್ತುಬಳಸದೆ ಹೇಳಿಬಿಡಬಹುದು: ನೀವು ಈ ಕೆಲವು ತಿಂಗಳಿಂದ ಮಾಡುತ್ತಿರುವುದು ಕೋಪವನ್ನು ನುಂಗಿಕೊಳ್ಳುವ ಕೆಲಸ. ಅದನ್ನು ಸ್ಟೋಯಿಕರು ಯಾರಿಗೂ ಹೇಳಿಕೊಟ್ಟಿಲ್ಲ. ಕೋಪದ ಮಾತು, ಕೋಪದ ಮುಖ ಎರಡನ್ನೂ ತಡೆದು, ಕೋಪ ಯಾವ ನಂಬಿಕೆಯ ಮೇಲೆ ನಿಂತಿದೆಯೋ ಆ ನಂಬಿಕೆಯನ್ನು ಮುಟ್ಟದೆ ಬಿಟ್ಟರೆ ಅದು ಅಲ್ಲೇ ಇರುತ್ತದೆ, ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಎದ್ದು ಕೂರುತ್ತದೆ. ನಿಮ್ಮ ನಿದ್ದೆಗೇಡಿಗೆ ಕಾರಣ ನಿಮ್ಮ ಸಾಧನೆ ಸಾಲದು ಎಂಬುದಲ್ಲ. ಸಾಧನೆಯನ್ನು ಮಾಡಬೇಕಾದ ಜಾಗದಲ್ಲಿ ನೀವು ಇನ್ನೂ ಆರಂಭಿಸಿಯೇ ಇಲ್ಲ.

ಸ್ಟೋಯಿಕ್ ಪಂಥ ಹುಟ್ಟಿದ್ದು ಕ್ರಿ.ಪೂ. 300ರ ಸುಮಾರಿಗೆ, ಸೈಪ್ರಸ್ ದ್ವೀಪದ ಜೀನೋ ಅಥೆನ್ಸ್ ನಗರದ ಚಿತ್ರಗಳಿದ್ದ ಒಂದು ಮೊಗಸಾಲೆಯಲ್ಲಿ ಪಾಠ ಹೇಳಲು ತೊಡಗಿದಾಗ. ಆ ಕಾಲದ ಗ್ರೀಕ್ ಬರಹಗಳು ಬಹುತೇಕ ಕಳೆದುಹೋಗಿವೆ. ಈಗ ನಮಗೆ ಸಾಕಷ್ಟು ಓದಲು ಸಿಗುವವರು ಮುಖ್ಯವಾಗಿ ರೋಮನ್ ಸಾಮ್ರಾಜ್ಯದ ಕಾಲದ ಮೂವರು: ಚಕ್ರವರ್ತಿ ನೀರೋನ ಗುರುವೂ ಮಂತ್ರಿಯೂ ಆಗಿದ್ದ ಸೆನೆಕಾ, ಗುಲಾಮನಾಗಿ ಬೆಳೆದು ಮುಂದೆ ಗ್ರೀಸಿನ ನಿಕೊಪೊಲಿಸ್‌ನಲ್ಲಿ ಶಾಲೆ ತೆರೆದ ಎಪಿಕ್ಟೀಟಸ್, ಮತ್ತು ಕ್ರಿ.ಶ. 161ರಿಂದ 180ರವರೆಗೆ ಚಕ್ರವರ್ತಿಯಾಗಿದ್ದ ಮಾರ್ಕಸ್ ಔರೇಲಿಯಸ್. ವಿಡಿಯೋಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮಾರ್ಕಸ್‌ನ ಮಾತುಗಳು. ಅವು ಅವನು ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳು. ಹಿಂದಿನ ವಾದವೆಲ್ಲ ಅವನಿಗೆ ಮೊದಲೇ ಗೊತ್ತಿದ್ದುದರಿಂದ ನೆನಪಿಗೊಂದು ಸಾಲು ಸಾಕಾಗುತ್ತಿತ್ತು. ವಾದ ಗೊತ್ತಿಲ್ಲದವರ ಕೈಗೆ ಆ ಸಾಲು ಮಾತ್ರ ಸಿಕ್ಕಾಗ ಅದು ಬಾಯಿ ಮುಚ್ಚಿಕೊಂಡಿರು ಎಂಬ ಆಜ್ಞೆಯ ಹಾಗೆ ಕೇಳಿಸುತ್ತದೆ. ನಿಮ್ಮಂಥ ಪ್ರಶ್ನೆ ಹೊತ್ತವರು ಮೊದಲು ಎಪಿಕ್ಟೀಟಸ್‌ನನ್ನು ಓದಬೇಕೆಂಬುದು ನನ್ನ ಅಭಿಪ್ರಾಯ. ಅವನು ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಬರೆದಿಟ್ಟ ಪಾಠಗಳೇ ಉಳಿದಿರುವುದು. ಅವುಗಳಲ್ಲಿ ಕೋರ್ಟಿಗೆ ಹೊರಟವನು, ಹೆಂಡತಿ ಮಕ್ಕಳ ಗೋಳು ಹೇಳಿಕೊಳ್ಳುವವನು, ಅಣ್ಣತಮ್ಮಂದಿರ ವೈಮನಸ್ಯದಿಂದ ನೊಂದವನು ಎಲ್ಲರೂ ಬಂದುಹೋಗುತ್ತಾರೆ.

ಅಂಥ ಒಬ್ಬ ಬಂದು, ನನ್ನ ಸೋದರ ನನ್ನ ಮೇಲೆ ಸಿಟ್ಟಾಗಿದ್ದಾನೆ, ಅವನ ಸಿಟ್ಟು ಇಳಿಯುವಂತೆ ಮಾಡುವುದು ಹೇಗೆ ಎಂದು ಕೇಳಿದನು. ಅವನನ್ನು ಇಲ್ಲಿಗೆ ಕರೆದುಕೊಂಡು ಬಾ, ಅವನಿಗೆ ಹೇಳುತ್ತೇನೆ. ಅವನ ಸಿಟ್ಟಿನ ವಿಷಯದಲ್ಲಿ ನಿನಗೆ ಹೇಳುವಂಥದ್ದು ನನ್ನ ಬಳಿ ಏನೂ ಇಲ್ಲ ಎಂದು ಎಪಿಕ್ಟೀಟಸ್ ಉತ್ತರಿಸಿದನು. ಆ ಮನುಷ್ಯ ಬಿಡದೆ, ಹಾಗಾದರೆ ಅವನು ರಾಜಿಯಾಗದಿದ್ದರೂ ನಾನು ಸರಿಯಾಗಿ ಉಳಿಯುವುದು ಹೇಗೆ ಎಂದು ಕೇಳಿದ ಮೇಲೆಯೇ ಗುರುವಿನ ಪಾಠ ಮುಂದುವರಿಯಿತು. ನಿಮ್ಮ ಪತ್ರವನ್ನೂ ನಾನು ಈ ಎರಡನೆಯ ಪ್ರಶ್ನೆಯಾಗಿಯೇ ಓದಿಕೊಂಡಿದ್ದೇನೆ. ನಿಮ್ಮ ಅಣ್ಣನ ಮನಸ್ಸು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಈ ಉತ್ತರದಲ್ಲಿ ಏನೂ ಸಿಗುವುದಿಲ್ಲ.

ಈಗ ಭಾವನೆಯ ವಿಷಯಕ್ಕೆ ಬರೋಣ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಔಲಸ್ ಗೆಲಿಯಸ್ ಎಂಬ ರೋಮನ್ ಲೇಖಕ ತಾನು ಕಂಡ ಒಂದು ಸಮುದ್ರಯಾನವನ್ನು ದಾಖಲಿಸಿದ್ದಾನೆ. ಅಯೋನಿಯನ್ ಸಮುದ್ರವನ್ನು ದಾಟಿ ಇಟಲಿಯ ಬ್ರುಂಡಿಸಿಯಂ ಬಂದರಿಗೆ ಹೊರಟಿದ್ದ ಹಡಗು ರಾತ್ರಿಯಿಡೀ ಬಿರುಗಾಳಿಗೆ ಸಿಕ್ಕಿತು. ಹಡಗಿನಲ್ಲಿ ಹೆಸರಾಂತ ಸ್ಟೋಯಿಕ್ ಗುರುವೊಬ್ಬನಿದ್ದನು. ಎಲ್ಲರೂ ಅಳುತ್ತಿರುವಾಗ ಈತ ಹೇಗಿದ್ದಾನೆ ಎಂದು ಗೆಲಿಯಸ್ ತಿರುಗಿ ನೋಡಿದರೆ ಅವನ ಬಾಯಿಂದ ಗೋಳಿನ ಮಾತಿಲ್ಲ, ಆದರೆ ಮುಖ ಮಾತ್ರ ಉಳಿದವರ ಹಾಗೆಯೇ ಬಿಳಿಚಿಕೊಂಡಿತ್ತು. ಗಾಳಿ ತಗ್ಗಿದ ಮೇಲೆ ಸಹಪ್ರಯಾಣಿಕನಾದ ಒಬ್ಬ ಶ್ರೀಮಂತ, ನಾನು ಹೆದರಲಿಲ್ಲ, ತತ್ತ್ವಜ್ಞಾನಿಯಾದ ನೀನು ಹೆದರಿ ಬಣ್ಣಗೆಟ್ಟೆಯಲ್ಲ ಎಂದು ಹಂಗಿಸಿದನು. ಬಳಿಕ ಗೆಲಿಯಸ್ ಏಕಾಂತದಲ್ಲಿ ವಿನಯದಿಂದ ಕಾರಣ ಕೇಳಿದಾಗ ಆ ಗುರು ತನ್ನ ಚೀಲದಿಂದ ಎಪಿಕ್ಟೀಟಸ್‌ನ ಪಾಠಗಳ ಐದನೆಯ ಭಾಗವನ್ನು ತೆಗೆದು ತೋರಿಸಿದನು. ಆ ಭಾಗ ಇಂದು ಉಳಿದಿಲ್ಲ. ಅದರಲ್ಲಿದ್ದ ವಿಚಾರ ಗೆಲಿಯಸ್ ಹೇಳಿದ್ದರಿಂದ ನಮಗೆ ತಿಳಿದಿದೆ.

ಆ ವಿಚಾರವೇ ನಿಮಗೆ ಬೇಕಾದದ್ದು. ಸಿಡಿಲು ಹೊಡೆದಾಗ, ಏನೋ ಕುಸಿದುಬಿದ್ದಾಗ, ಕೆಟ್ಟ ಸುದ್ದಿ ಬಂದಾಗ ಮನಸ್ಸಿನ ಮೇಲೆ ಒಂದು ಅಚ್ಚು ಬೀಳುತ್ತದೆ. ಅದು ಬೀಳಬೇಕೋ ಬೇಡವೋ ಎಂದು ಯಾರೂ ನಮ್ಮನ್ನು ಕೇಳುವುದಿಲ್ಲ. ಎಷ್ಟೇ ದೊಡ್ಡ ಜ್ಞಾನಿಯಾದರೂ ಆ ಕ್ಷಣಕ್ಕೆ ಬೆಚ್ಚುತ್ತಾನೆ, ಬಿಳಿಚಿಕೊಳ್ಳುತ್ತಾನೆ. ಅಲ್ಲಿಯವರೆಗೆ ಜ್ಞಾನಿಗೂ ಅಜ್ಞಾನಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ಮೊದಲಿಗೆ ಹೇಗೆ ಕಂಡಿತೋ ಹಾಗೆಯೇ ಅದು ಭಯಂಕರ ಎಂದು ಒಬ್ಬನು ಒಪ್ಪಿಕೊಳ್ಳುತ್ತಾನೆ, ಇನ್ನೊಬ್ಬನು ಆ ಒಪ್ಪಿಗೆಯನ್ನು ತಡೆಹಿಡಿಯುತ್ತಾನೆ. ಸೆನೆಕಾ ಕೋಪವನ್ನು ಕುರಿತು ತನ್ನ ಸೋದರನನ್ನು ಉದ್ದೇಶಿಸಿ ಮೂರು ಭಾಗಗಳ ಗ್ರಂಥ ಬರೆದಿದ್ದಾನೆ. ಅದರಲ್ಲಿ ಇದೇ ಮಾತನ್ನು ಮೂರು ಹಂತಗಳಾಗಿ ಬಿಡಿಸುತ್ತಾನೆ. ಮೊದಲನೆಯದು ತಣ್ಣೀರು ಚಿಮುಕಿಸಿದಾಗ ಮೈ ನಡುಗುವಂಥ, ನಮ್ಮ ಇಚ್ಛೆಗೆ ಒಳಪಡದ ಕದಲಿಕೆ. ಎರಡನೆಯದರಲ್ಲಿ, ನನಗೆ ಅನ್ಯಾಯವಾಗಿದೆ, ಆದ್ದರಿಂದ ಸೇಡು ತೀರಿಸಿಕೊಳ್ಳುವುದು ತಕ್ಕದ್ದು ಎಂಬ ತೀರ್ಪು ಸೇರಿಕೊಳ್ಳುತ್ತದೆ; ಇಲ್ಲಿ ಇನ್ನೂ ಹಿಂದಕ್ಕೆ ಬರಲು ದಾರಿಯಿದೆ. ಮೂರನೆಯದರಲ್ಲಿ ತಕ್ಕದ್ದೋ ಅಲ್ಲವೋ ಎಂಬ ಪ್ರಶ್ನೆಯೇ ಅಳಿಸಿಹೋಗಿ, ಏನೇ ಆಗಲಿ ಸೇಡು ಬೇಕು ಎಂಬುದು ಮಾತ್ರ ಉಳಿಯುತ್ತದೆ.

ಅಣ್ಣನ ಹೆಸರು ಫೋನಿನಲ್ಲಿ ಕಾಣಿಸಿದ ಕೂಡಲೇ ನಿಮ್ಮ ಎದೆ ಬಿಗಿಯುತ್ತಿದ್ದರೆ ಅದು ಮೊದಲನೆಯ ಹಂತ. ಅದಕ್ಕೆ ನಾಚಬೇಕಾಗಿಲ್ಲ, ಅದನ್ನು ತಡೆಯಲು ಶಕ್ತಿ ವ್ಯಯಿಸಬೇಕಾಗಿಯೂ ಇಲ್ಲ. ನೀವು ಈವರೆಗೆ ಗುದ್ದಾಡಿದ್ದು ಅದರ ಜೊತೆಗೇ ಎಂದು ತೋರುತ್ತದೆ. ಗಮನವಿಡಬೇಕಾದದ್ದು ಎರಡನೆಯ ಹಂತದ ಮೇಲೆ, ಅಂದರೆ ಎದೆ ಬಿಗಿದ ಮರುಗಳಿಗೆಯಲ್ಲಿ ಮನಸ್ಸು ಆಡುವ ವಾಕ್ಯದ ಮೇಲೆ. ಆ ವಾಕ್ಯವನ್ನು ಒಂದು ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆಯೇ ಬರೆದುಬಿಡಿ. ಬಹುಶಃ ಅದು ‘ಎಲ್ಲರೆದುರು ನನ್ನನ್ನು ಮೂರ್ಖನನ್ನಾಗಿ ಮಾಡಿದ, ಇವನಿಗೆ ತಕ್ಕ ಶಾಸ್ತಿ ಆಗಲೇಬೇಕು’ ಎಂಬಂತಿರಬಹುದು. ಪಂಥದ ಮೂರನೆಯ ಮುಖ್ಯಸ್ಥನಾಗಿದ್ದ ಕ್ರಿಸಿಪ್ಪಸ್ ಪ್ರತಿಯೊಂದು ಉದ್ವೇಗದಲ್ಲಿಯೂ ಎರಡು ತೀರ್ಪುಗಳು ಅಡಗಿರುತ್ತವೆ ಎಂದು ಕಲಿಸಿದನು: ನನಗೆ ಕೆಟ್ಟದ್ದೊಂದು ಸಂಭವಿಸಿದೆ ಎಂಬುದು ಒಂದು, ಅದಕ್ಕೆ ಹೀಗೆ ಪ್ರತಿಕ್ರಿಯಿಸುವುದೇ ಸರಿ ಎಂಬುದು ಇನ್ನೊಂದು. ನಿಮ್ಮ ವಾಕ್ಯವನ್ನು ಹಾಗೆ ಎರಡಾಗಿ ಸೀಳಿ ಒಂದೊಂದನ್ನೂ ಬೇರೆಯಾಗಿ ನೋಡಿ. ಮಾರ್ಕಸ್ ಇಲ್ಲಿ ನೆರವಿಗೆ ಬರುತ್ತಾನೆ. ಇಂಥವನು ನಿನ್ನನ್ನು ಬೈದನೆಂದು ಸುದ್ದಿ ಬಂದರೆ, ಬೈದನೆಂಬಷ್ಟೇ ಸುದ್ದಿ, ನಿನಗೆ ಕೇಡಾಯಿತೆಂಬುದು ಆ ಸುದ್ದಿಯಲ್ಲಿಲ್ಲ ಎಂದು ಅವನು ತನಗೆ ಹೇಳಿಕೊಳ್ಳುತ್ತಾನೆ. ಮಗುವಿಗೆ ಕಾಯಿಲೆಯಾಗಿರುವುದು ಕಾಣುತ್ತಿದೆ, ಮಗು ಸಾಯುತ್ತದೆ ಎಂಬುದು ಕಾಣುತ್ತಿಲ್ಲ ಎಂದೂ ಹೇಳಿಕೊಳ್ಳುತ್ತಾನೆ. ಬಹಳಷ್ಟು ಮಕ್ಕಳನ್ನು ಕಣ್ಣೆದುರೇ ಕಳೆದುಕೊಂಡ ತಂದೆಯ ಮಾತು ಅದು, ಆದ್ದರಿಂದ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ನಿಮ್ಮ ವಿಷಯದಲ್ಲಿ ಕಂಡಿರುವ ಸಂಗತಿ ಇಷ್ಟು: ಅಣ್ಣ ಮೊದಲು ಒಂದು ಮಾತು ಹೇಳಿದ್ದನು, ಈಗ ರಸ್ತೆ ಪಕ್ಕದ ಎರಡು ಎಕರೆ ಕೇಳುತ್ತಿದ್ದಾನೆ. ನಿಮ್ಮನ್ನು ಮೂರ್ಖನನ್ನಾಗಿ ಮಾಡಬೇಕೆಂಬ ಉದ್ದೇಶ, ನೆಂಟರು ನಗುತ್ತಿದ್ದಾರೆಂಬ ಊಹೆ, ಶಾಸ್ತಿಯಾಗದೆ ನ್ಯಾಯವಿಲ್ಲವೆಂಬ ತೀರ್ಮಾನ ಇವೆಲ್ಲ ನೀವು ಆಮೇಲೆ ಸೇರಿಸಿದವು. ಅವುಗಳಲ್ಲಿ ಒಂದೆರಡು ನಿಜವೂ ಇರಬಹುದು. ಪರೀಕ್ಷಿಸಿದ ಮೇಲೂ ನಿಜವೆಂದು ಕಂಡದ್ದನ್ನು ಇಟ್ಟುಕೊಳ್ಳಿ. ಪರೀಕ್ಷಿಸದೆ ಒಪ್ಪಿಗೆಯ ಮುದ್ರೆ ಒತ್ತಬೇಡಿ ಎಂಬುದೇ ಸ್ಟೋಯಿಕರ ಇಡೀ ಮನಶ್ಶಾಸ್ತ್ರದ ತಿರುಳು.

ನಿಮ್ಮ ಪತ್ನಿಯವರ ಮಾತನ್ನು ನಾನು ದೂರೆಂದು ಭಾವಿಸುವುದಿಲ್ಲ, ರೋಗನಿರ್ಣಯವೆಂದೇ ಭಾವಿಸುತ್ತೇನೆ. ಉದ್ವೇಗಗಳಿಂದ ಬಿಡುಗಡೆ ಎಂದರೆ ಕಲ್ಲಿನ ವಿಗ್ರಹದ ಹಾಗೆ ಭಾವಶೂನ್ಯನಾಗುವುದಲ್ಲ. ಮಗನಾಗಿ, ಸೋದರನಾಗಿ, ತಂದೆಯಾಗಿ, ಪ್ರಜೆಯಾಗಿ ಹುಟ್ಟಿನಿಂದಲೂ ಆಯ್ಕೆಯಿಂದಲೂ ಬಂದ ಸಂಬಂಧಗಳನ್ನು ಕಾಪಾಡಿಕೊಳ್ಳಬೇಕು ಎಂದು ಎಪಿಕ್ಟೀಟಸ್ ಬಿಡಿಸಿ ಹೇಳಿದ್ದಾನೆ. ಸಂತೋಷ, ಒಳ್ಳೆಯದರ ಬಯಕೆ, ವಿವೇಕದ ಎಚ್ಚರ ಇವು ಜ್ಞಾನಿಯಲ್ಲೂ ಇರುತ್ತವೆಂದು ಪಂಥದ ಹಳಬರೇ ಪಟ್ಟಿಮಾಡಿದ್ದರು. ಹಾಗಾಗಿ ನೀವು ಊರಿಗೆ ಹೋಗುವುದನ್ನು ನಿಲ್ಲಿಸಿರುವ ಸಂಗತಿ ನನ್ನನ್ನು ಅಣ್ಣನ ಎರಡು ಎಕರೆಗಿಂತ ಹೆಚ್ಚು ಕಾಡುತ್ತದೆ. ಇದರ ಬಗ್ಗೆ ಒಂದು ಪಾಠವೇ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಪಿಕ್ಟೀಟಸ್‌ನ ಬಳಿಗೆ ಒಬ್ಬ ಅಧಿಕಾರಿ ಬಂದಿದ್ದನು. ಮಾತಿನ ನಡುವೆ, ತನ್ನ ಪುಟ್ಟ ಮಗಳಿಗೆ ಕಾಯಿಲೆ ಹೆಚ್ಚಾಗಿ ಜೀವಕ್ಕೆ ಅಪಾಯವಿದೆ ಎನಿಸಿದಾಗ ಹಾಸಿಗೆಯ ಪಕ್ಕದಲ್ಲಿರುವುದನ್ನು ಸಹಿಸಲಾರದೆ ಮನೆ ಬಿಟ್ಟು ಓಡಿಹೋದೆನೆಂದೂ, ಮಗಳು ಚೇತರಿಸಿಕೊಂಡಳೆಂದು ಯಾರೋ ಬಂದು ಹೇಳುವವರೆಗೆ ಹಿಂತಿರುಗಲಿಲ್ಲವೆಂದೂ ಹೇಳಿಕೊಂಡನು. ಅದು ಸರಿಯೇ ಎಂದರೆ, ತಂದೆಯಾದವನಿಗೆ ಸಹಜವಾದದ್ದು, ಮಗಳ ಮೇಲಿನ ಮಮತೆಯಿಂದಲೇ ಹಾಗೆ ಮಾಡಿದೆ ಎಂದನು. ಎಪಿಕ್ಟೀಟಸ್ ಬೈಯಲಿಲ್ಲ, ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾ ಹೋದನು. ತಾಯಿಗೂ ಮಗಳ ಮೇಲೆ ಮಮತೆಯಿದೆಯಲ್ಲವೇ, ಅವಳೂ ಓಡಿಹೋಗಬೇಕಿತ್ತೇ? ದಾದಿಗೆ ಪ್ರೀತಿಯಿದೆಯಲ್ಲವೇ, ಅವಳೂ ಬಿಟ್ಟುಹೋಗಬೇಕಿತ್ತೇ? ಹಾಗಾದರೆ ಪ್ರೀತಿಸುವವರೆಲ್ಲರ ಅತಿಯಾದ ಪ್ರೀತಿಯಿಂದಾಗಿಯೇ ಆ ಮಗು ಒಂಟಿಯಾಗಿ, ಪ್ರೀತಿಯಿಲ್ಲದವರ ಕೈಯಲ್ಲಿ ಸಾಯಬೇಕಿತ್ತೇ? ನಿನಗೆ ಕಾಯಿಲೆಯಾದರೆ ನಿನ್ನವರು ನಿನ್ನನ್ನು ಹೀಗೆ ಪ್ರೀತಿಸಲಿ ಎಂದು ಬಯಸುತ್ತೀಯಾ? ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದು ನಿಲ್ಲುತ್ತಾರೆ: ಅವನನ್ನು ಓಡಿಸಿದ್ದು ಮಮತೆಯಲ್ಲ, ಓಡಿಹೋಗುವುದೇ ಸರಿ ಎಂಬ ಅವನ ಅನಿಸಿಕೆ.

ಜಗಳ ತಪ್ಪಿಸಲು ಅಮ್ಮನನ್ನು ನೋಡದಿರುವುದನ್ನು ನೀವು ಮನಶ್ಶಾಂತಿ ಎಂದು ಕರೆದಿದ್ದೀರಿ. ಎಪಿಕ್ಟೀಟಸ್‌ನ ಎದುರು ಈ ಮಾತನ್ನು ಆಡಿದ್ದರೆ ಇದೇ ಪ್ರಶ್ನೆಗಳು ನಿಮ್ಮ ಮೇಲೂ ಬರುತ್ತಿದ್ದವು. ಗಂಡನನ್ನು ಕಳೆದುಕೊಂಡ ಆ ತಾಯಿಗೆ ನಿಮ್ಮ ಸ್ಟೋಯಿಕ್ ಶಾಂತಿ ಒಬ್ಬ ಮಗನ ಗೈರುಹಾಜರಿಯಾಗಿ ಮಾತ್ರ ಕಾಣುತ್ತಿದೆ. ‘ಕೈಯಲ್ಲಿಲ್ಲದ್ದನ್ನು ಬಿಡು’ ಎಂಬ ಸೂತ್ರದ ಇನ್ನೊಂದು ಅರ್ಧವೂ ಇದೆ, ಅದನ್ನು ವಿಡಿಯೋಗಳು ಅಷ್ಟಾಗಿ ಹೇಳುವುದಿಲ್ಲ: ಕೈಯಲ್ಲಿರುವುದನ್ನು ಪೂರ್ತಿಯಾಗಿ ಮಾಡಬೇಕು. ಊರಿಗೆ ಹೋಗುವುದು ನಿಮ್ಮ ಕೈಯಲ್ಲಿದೆ. ಹೋಗುವ ಮುನ್ನ ಅಲ್ಲಿ ಏನೇನು ನಡೆಯಬಹುದು ಎಂಬುದನ್ನು ನಿಮಗೆ ನೀವೇ ಹೇಳಿಕೊಳ್ಳಿ. ಅಣ್ಣ ಜಗುಲಿಯಲ್ಲೇ ಪಾಲಿನ ಮಾತೆತ್ತಬಹುದು, ಅತ್ತಿಗೆ ಚುಚ್ಚುಮಾತು ಆಡಬಹುದು, ಅಮ್ಮ ಅವನ ಪರವಾಗಿಯೇ ನಿಲ್ಲಬಹುದು. ಸಾರ್ವಜನಿಕ ಸ್ನಾನಗೃಹಕ್ಕೆ ಹೊರಟವನು ಅಲ್ಲಿ ನೀರೆರಚುವವರು, ನೂಕುವವರು, ಬೈಯುವವರು, ಕದಿಯುವವರು ಇರುತ್ತಾರೆಂದು ಮೊದಲೇ ನೆನೆದುಕೊಂಡು, ನನಗೆ ಸ್ನಾನವೂ ಆಗಬೇಕು, ನನ್ನ ನಡತೆಯೂ ಕೆಡಬಾರದು ಎಂದುಕೊಂಡು ಹೋಗಬೇಕೆಂದು ಎಪಿಕ್ಟೀಟಸ್ ಹೇಳುವುದು ಇದಕ್ಕೇ. ನಿಮಗೂ ಅಲ್ಲಿ ಅಮ್ಮನನ್ನು ನೋಡುವ ಕೆಲಸವೊಂದು, ಮಗನಾಗಿ ನಡೆದುಕೊಳ್ಳುವ ಕೆಲಸವೊಂದು, ಒಟ್ಟು ಎರಡು ಕೆಲಸಗಳಿವೆ.

ತಂದೆಯ ಸಾವಿನ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ದುಃಖದ ವಿಷಯದಲ್ಲಿ ಸ್ಟೋಯಿಕರ ಸಿದ್ಧಾಂತ ನನಗೆ ಪೂರ್ತಿ ಒಪ್ಪಿಗೆಯಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಉಳಿದ ಉದ್ವೇಗಗಳಿಗೆಲ್ಲ ಅವರು ವಿವೇಕದಿಂದ ಕೂಡಿದ ಒಂದೊಂದು ಪ್ರತಿರೂಪವನ್ನು ಕೊಟ್ಟರು, ಶೋಕಕ್ಕೆ ಮಾತ್ರ ಕೊಡಲಿಲ್ಲ. ಅವರಲ್ಲೇ ಸೆನೆಕಾ ಹೆಚ್ಚು ಮಾನವೀಯವಾಗಿ ಮಾತನಾಡುತ್ತಾನೆ. ಸ್ನೇಹಿತನನ್ನು ಕಳೆದುಕೊಂಡ ಲುಸಿಲಿಯಸ್‌ಗೆ ಬರೆದ ಪತ್ರದಲ್ಲಿ ಕಣ್ಣು ಒಣಗಿಯೂ ಇರಬಾರದು, ಹೊಳೆಯಾಗಿಯೂ ಹರಿಯಬಾರದು ಎಂದು ಹೇಳಿ, ತನ್ನ ಆಪ್ತ ಸೆರೆನಸ್ ಸತ್ತಾಗ ತಾನೇ ಮಿತಿಮೀರಿ ಅತ್ತದ್ದನ್ನೂ ಒಪ್ಪಿಕೊಳ್ಳುತ್ತಾನೆ. ನೀವೂ ಅಪ್ಪನಿಗಾಗಿ ಅತ್ತರೆ ಯಾವ ತತ್ತ್ವಕ್ಕೂ ಭಂಗ ಬರುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ: ಕೋರ್ಟೋ, ಬಿಟ್ಟುಕೊಡುವುದೋ? ಇಲ್ಲಿ ಸ್ಟೋಯಿಕರೆಲ್ಲರೂ ಒಂದೇ ಉತ್ತರ ಕೊಡುತ್ತಾರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಎಪಿಕ್ಟೀಟಸ್ ಬಿಟ್ಟುಕೊಡುವ ಕಡೆಗೇ ವಾಲುತ್ತಾನೆ. ಸೋದರನು ಜಮೀನಿನ ಹೆಚ್ಚಿನ ಪಾಲು ತೆಗೆದುಕೊಳ್ಳುತ್ತಾನಲ್ಲ ಎಂಬ ಮಾತಿಗೆ ಅವನು, ಬೇಕಾದಷ್ಟು ತೆಗೆದುಕೊಳ್ಳಲಿ, ಮರ್ಯಾದೆಯಲ್ಲಿ, ನಂಬಿಕೆಯಲ್ಲಿ, ಸೋದರಪ್ರೇಮದಲ್ಲಿ ಹೆಚ್ಚಿನ ಪಾಲು ಅವನಿಗೆ ಹೋಗುವುದಿಲ್ಲವಲ್ಲ ಎನ್ನುತ್ತಾನೆ. ಪ್ರತಿ ವಸ್ತುವಿಗೂ ಎರಡು ಹಿಡಿಗಳಿವೆ, ಒಂದನ್ನು ಹಿಡಿದರೆ ಹೊರಬಹುದು, ಇನ್ನೊಂದನ್ನು ಹಿಡಿದರೆ ಹೊರಲಾಗದು ಎಂದು ಹೇಳುವಾಗಲೂ ಅವನು ತೆಗೆದುಕೊಳ್ಳುವ ಉದಾಹರಣೆ ಅನ್ಯಾಯ ಮಾಡಿದ ಸೋದರನದೇ. ಅನ್ಯಾಯ ಮಾಡಿದನೆಂಬ ಹಿಡಿಯನ್ನು ಹಿಡಿಯಬೇಡ, ಅವನು ಸೋದರ, ಜೊತೆಯಲ್ಲಿ ಬೆಳೆದವನು ಎಂಬ ಹಿಡಿಯನ್ನು ಹಿಡಿ ಎಂಬುದು ಅವನ ಬೋಧೆ. ಬದುಕಿನ ಬಹುಕಾಲ ಹೆಂಡತಿ ಮಕ್ಕಳಿಲ್ಲದೆ ತೀರ ಸರಳವಾಗಿ ಬದುಕಿದ ಗುರುವಿನ ಮಾತು ಇದೆಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಅದೇ ಪಂಥದ ಹಳೆಯ ಗ್ರೀಕರು ಆಸ್ತಿಯ ಬಗ್ಗೆ ಬೇರೆ ರೀತಿಯಲ್ಲಿಯೂ ಮಾತನಾಡಿದ್ದಾರೆ. ಆರೋಗ್ಯ, ಹಣ, ಭೂಮಿ ಇವು ಮನುಷ್ಯನನ್ನು ಒಳ್ಳೆಯವನನ್ನಾಗಲಿ ಕೆಟ್ಟವನನ್ನಾಗಲಿ ಮಾಡುವುದಿಲ್ಲ, ಆದರೆ ಅವುಗಳನ್ನು ಆರಿಸಿಕೊಳ್ಳುವುದಕ್ಕೆ ಸಕಾರಣವಿದೆ ಎಂಬುದು ಪಂಥದ ಅಧಿಕೃತ ನಿಲುವು. ರೋಮಿನ ರಾಜಕಾರಣಿಯೂ ಲೇಖಕನೂ ಆಗಿದ್ದ ಸಿಸೆರೊ ಕ್ರಿ.ಪೂ. 44ರಲ್ಲಿ ಅಥೆನ್ಸ್‌ನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಕ್ರಿಸಿಪ್ಪಸ್‌ನ ಮಾತೊಂದನ್ನು ಉಳಿಸಿದ್ದಾನೆ: ಓಟದ ಪಂದ್ಯದಲ್ಲಿರುವವನು ಗೆಲ್ಲಲು ಎಷ್ಟು ಸಾಧ್ಯವೋ ಅಷ್ಟು ಓಡಬೇಕು, ಆದರೆ ಪಕ್ಕದವನಿಗೆ ಕಾಲುಕೊಡುವುದಾಗಲಿ ಕೈಯಿಂದ ತಳ್ಳುವುದಾಗಲಿ ಕೂಡದು. ರೋಡ್ಸ್ ದ್ವೀಪದ ಹೆಕಾಟೊ ಎಂಬ ಸ್ಟೋಯಿಕ್, ಕಾನೂನಿಗೂ ಸಂಪ್ರದಾಯಕ್ಕೂ ವಿರುದ್ಧವಾಗಿ ನಡೆಯದೆ ತನ್ನ ಆಸ್ತಿಯನ್ನು ನೋಡಿಕೊಳ್ಳುವುದು ವಿವೇಕಿಯ ಕೆಲಸವೇ, ಏಕೆಂದರೆ ನಾವು ಸಂಪತ್ತನ್ನು ಬಯಸುವುದು ನಮಗೊಬ್ಬರಿಗಲ್ಲ, ಮಕ್ಕಳಿಗಾಗಿ, ಬಂಧುಗಳಿಗಾಗಿ, ಸ್ನೇಹಿತರಿಗಾಗಿ ಎಂದು ಹೇಳಿದ್ದಾನೆ. ಸಂಸಾರಸ್ಥನಾದ ನಿಮಗೆ ಈ ಮಾತು ಎಪಿಕ್ಟೀಟಸ್‌ನ ಮಾತಿನಷ್ಟೇ ಪ್ರಸ್ತುತ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ವಿಭಾಗದ ದಾವೆ ಹೂಡುವುದರಿಂದಲೇ ನೀವು ಸ್ಟೋಯಿಕ್ ದಾರಿ ಬಿಟ್ಟಂತಾಗುವುದಿಲ್ಲ, ಎರಡು ಎಕರೆ ಬಿಟ್ಟುಕೊಡುವುದರಿಂದಲೇ ಆ ದಾರಿ ಹಿಡಿದಂತೆಯೂ ಆಗುವುದಿಲ್ಲ. ಅಣ್ಣ ಊರಲ್ಲಿದ್ದು ಅಮ್ಮನನ್ನು ನೋಡಿಕೊಂಡದ್ದಕ್ಕೆ, ಜಮೀನಿಗೆ ದುಡಿದದ್ದಕ್ಕೆ ಸ್ವಲ್ಪ ಹೆಚ್ಚು ಸಲ್ಲಬೇಕು ಎಂದು ನಿಮಗೆ ಪ್ರಾಮಾಣಿಕವಾಗಿ ತೋರಿದರೆ ಬಿಟ್ಟುಕೊಡಿ. ಜಗಳಕ್ಕೆ ಹೆದರಿ, ಆಮೇಲೆ ಜೀವಮಾನವಿಡೀ ಹೇಳಿಕೊಂಡು ಕೊರಗುವುದಕ್ಕಾಗಿ ಬಿಟ್ಟುಕೊಡುವುದಾದರೆ ಬೇಡ. ದಾವೆಯ ಮಾತೂ ಹಾಗೆಯೇ: ಮಕ್ಕಳ ಓದಿಗೆ, ನಾಳಿನ ಬದುಕಿಗೆ ಆ ಪಾಲು ಬೇಕೆಂದು ಹಾಕಿದರೆ ಅದು ಓಟ, ಅಣ್ಣನನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿಯೇ ತೀರಬೇಕೆಂದು ಹಾಕಿದರೆ ಅದು ಕಾಲುಕೊಡುವುದು.

ಮೂರನೆಯ ಪ್ರಶ್ನೆ ನಿಮ್ಮ ತಂಗಿಯದು. ಅರ್ಧರ್ಧ ಎಂದು ನೀವು ಬರೆದಿದ್ದೀರಿ. ಮೂವರು ಮಕ್ಕಳಿರುವ ಮನೆಯಲ್ಲಿ ಅರ್ಧರ್ಧ ಎಂಬ ಲೆಕ್ಕ ಹೇಗೆ ಬಂತು ಎಂದು ನಾನು ಕೇಳಲೇಬೇಕಾಗಿದೆ. 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಿಗೆ ಸಮನಾದ ಹಕ್ಕಿದೆ. ಮದುವೆಯಾಗಿರುವುದು ಅದಕ್ಕೆ ಅಡ್ಡಿಯಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಪಾಲಿನಲ್ಲಿ ನಿಮ್ಮ ಅಮ್ಮನಿಗೂ ಹಕ್ಕಿದೆ. ಈ ಕಾನೂನು ನಿಮ್ಮ ಮನೆಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಪಹಣಿ, ವಂಶವೃಕ್ಷ ಮತ್ತು ಹಳೆಯ ಪತ್ರಗಳನ್ನು ನೋಡಿ ವಕೀಲರು ಹೇಳಬೇಕು. ನಾನು ಹೇಳಬೇಕಾದದ್ದು, ‘ಸಹಿಯೊಂದು ಬೇಕು, ಅದೇನೂ ಕಷ್ಟವಿಲ್ಲ’ ಎಂಬ ನಿಮ್ಮ ವಾಕ್ಯದ ಬಗ್ಗೆ.

ಸ್ಟೋಯಿಕರ ನಡುವೆಯೇ ಈ ಬಗೆಯ ಮೌನದ ಬಗ್ಗೆ ಹೆಸರಾಂತ ವಾದವೊಂದು ನಡೆದಿತ್ತು. ರೋಡ್ಸ್‌ನಲ್ಲಿ ಬರಗಾಲ, ಧಾನ್ಯದ ಬೆಲೆ ಆಕಾಶಕ್ಕೇರಿದೆ. ಅಲೆಕ್ಸಾಂಡ್ರಿಯದಿಂದ ಒಬ್ಬ ಪ್ರಾಮಾಣಿಕ ವರ್ತಕ ಧಾನ್ಯ ತುಂಬಿಕೊಂಡು ಬಂದಿದ್ದಾನೆ. ತನ್ನ ಹಿಂದೆಯೇ ಇನ್ನೂ ಹಲವು ಧಾನ್ಯದ ಹಡಗುಗಳು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಊರಿನವರಿಗೆ ಹೇಳಬೇಕೇ, ಸುಮ್ಮನಿದ್ದು ಸಿಕ್ಕಿದ ಬೆಲೆಗೆ ಮಾರಬೇಕೇ? ಬ್ಯಾಬಿಲೋನಿನ ಡಯೋಜಿನೀಸ್, ಕಾನೂನು ಹೇಳಿದಷ್ಟನ್ನು ತಿಳಿಸಿ ಮೋಸವಿಲ್ಲದೆ ಮಾರಿದರೆ ಸಾಕು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದನು. ಅವನ ಶಿಷ್ಯ ಆಂಟಿಪೇಟರ್ ಗುರುವಿಗೆ ಎದುರಾಗಿ ನಿಂತು, ಮನುಷ್ಯರ ನಡುವಿನ ನಂಟನ್ನು ನೆನೆಸಿಕೊಂಡರೆ ಕೊಳ್ಳುವವನಿಗೆ ತಿಳಿಯಬೇಕಾದದ್ದೆಲ್ಲವೂ ತಿಳಿದಿರಬೇಕು ಎಂದನು. ವಾದವನ್ನು ವರದಿ ಮಾಡಿದ ಸಿಸೆರೊ ಶಿಷ್ಯನ ಪಕ್ಷ ವಹಿಸಿ, ತಿಳಿದರೆ ಯಾರಿಗೆ ಹಿತವೋ ಅವರಿಗೆ ತಿಳಿಯದಿರಲಿ ಎಂದು ತನ್ನ ಲಾಭಕ್ಕಾಗಿ ಬಯಸುವುದೇ ಮುಚ್ಚಿಡುವುದು ಎಂದು ತೀರ್ಮಾನಿಸುತ್ತಾನೆ. ಗುರುತು ಪರಿಚಯವಿಲ್ಲದ ಊರಿನವರ ವಿಷಯದಲ್ಲೇ ಆಂಟಿಪೇಟರ್ ಇಷ್ಟು ಕಟ್ಟುನಿಟ್ಟಾಗಿದ್ದರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿರುವ ಒಡಹುಟ್ಟಿದ ತಂಗಿಯ ವಿಷಯದಲ್ಲಿ ಏನು ಹೇಳುತ್ತಿದ್ದನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವ ಮುನ್ನ ಅವರ ಪಾಲೆಷ್ಟು, ಈಗಿನ ಬೆಲೆಯೇನು, ಸಹಿ ಹಾಕಿದರೆ ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ನೀವೇ ಅವರ ಮನೆಗೆ ಹೋಗಿ ಹೇಳಿ, ಯೋಚಿಸಲು ಸಮಯ ಕೊಡಿ. ಆಮೇಲೆ ಅವರು ತವರಿನ ಮೇಲಿನ ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ಅವರ ಆಯ್ಕೆ. ಅಣ್ಣ ನಿಮಗೆ ಮಾಡಿದ್ದಾನೆಂದು ನೀವು ನೊಂದುಕೊಳ್ಳುತ್ತಿರುವ ಅನ್ಯಾಯವನ್ನೇ ನೀವಿಬ್ಬರೂ ಸೇರಿ ತಂಗಿಗೆ ಮಾಡುವ ಅಂಚಿನಲ್ಲಿದ್ದೀರಿ. ಸ್ಟೋಯಿಕರು ಎಣಿಸುವ ನಾಲ್ಕು ಮುಖ್ಯ ಸದ್ಗುಣಗಳಲ್ಲಿ ನ್ಯಾಯವೂ ಒಂದು. ಅದನ್ನು ಬಿಟ್ಟು ಮನಶ್ಶಾಂತಿಯೊಂದನ್ನೇ ಸಂಪಾದಿಸುವ ಉಪಾಯ ಅವರ ಬಳಿ ಇರಲಿಲ್ಲ.

ದಿನಚರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಪಕ್ಕೆ ತಡಮಾಡುವುದೇ ಅತ್ಯುತ್ತಮ ಮದ್ದು ಎಂದು ಸೆನೆಕಾ ಹೇಳಿದ್ದಾನೆ, ಆದ್ದರಿಂದ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಹೊತ್ತು ಪಾಲಿನ ವಿಷಯ ಬರೆಯುವುದಿಲ್ಲ ಎಂದು ನಿಶ್ಚಯಿಸಿಕೊಳ್ಳಿ, ಬರೆದದ್ದನ್ನು ಬೆಳಿಗ್ಗೆ ಓದಿ ಆಮೇಲೆ ಕಳುಹಿಸಿ. ಕಾರ್ಯ ಕೈಗೊಳ್ಳುವಾಗ ‘ಏನೂ ಅಡ್ಡಿ ಬರದಿದ್ದರೆ’ ಎಂದು ಸೇರಿಸಿಕೊಳ್ಳುವ ಅವನ ಅಭ್ಯಾಸವೂ ಉಪಯುಕ್ತ: ಅಣ್ಣನ ಜೊತೆ ಮಾತನಾಡಿ ಬಗೆಹರಿಸುತ್ತೇನೆ, ಏನೂ ಅಡ್ಡಿ ಬರದಿದ್ದರೆ. ಬಗೆಹರಿಯದಿದ್ದಾಗ ಲೋಕ ಅದಾಲತ್ತೋ, ಮಧ್ಯಸ್ಥಿಕೆಯೋ, ದಾವೆಯೋ ಎಂದು ಯೋಚಿಸುವ ಸ್ಥಿಮಿತ ಆಗ ಉಳಿದಿರುತ್ತದೆ. ಇನ್ನು ಸೆನೆಕಾ ಪ್ರತಿ ರಾತ್ರಿ ದೀಪ ತೆಗೆದ ಮೇಲೆ, ಅವನ ಅಭ್ಯಾಸ ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನದ ನಡೆನುಡಿಗಳನ್ನು ತನ್ನೊಳಗೇ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದನು. ಆ ವಾದದಲ್ಲಿ ಜಗಳಗಂಟನ ಹಾಗೆ ಮಾತನಾಡಿದೆ, ಅವನಿಗೆ ಬುದ್ಧಿ ಹೇಳುವಾಗ ಅತಿಯಾಯಿತು, ಮತ್ತೆ ಹಾಗೆ ಮಾಡಬೇಡ, ಈ ಸಲಕ್ಕೆ ಕ್ಷಮಿಸಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದನು. ಈ ವಿಚಾರಣೆಯಲ್ಲಿ ಆರೋಪಿ ತಾನೊಬ್ಬನೇ ಎಂಬುದನ್ನು ಗಮನಿಸಿ. ನೀವು ಈಗ ರಾತ್ರಿ ಹೊತ್ತು ನಡೆಸುತ್ತಿರುವ ವಿಚಾರಣೆಯಲ್ಲಿ ಆರೋಪಿಯ ಸ್ಥಾನದಲ್ಲಿರುವುದು ನಿಮ್ಮ ಅಣ್ಣ, ಅವನು ಅಲ್ಲಿಗೆ ಬಂದು ಉತ್ತರ ಕೊಡುವಂತಿಲ್ಲ, ಆದ್ದರಿಂದಲೇ ಅದು ಮುಗಿಯುವುದಿಲ್ಲ.

ನಿದ್ದೆಯ ವಿಷಯದಲ್ಲಿ ಇನ್ನೊಂದು ಮಾತು. ತಿಂಗಳುಗಟ್ಟಲೆ ನಿದ್ದೆ ಕೆಟ್ಟಿದ್ದರೆ ಅದನ್ನು ತತ್ತ್ವಾಭ್ಯಾಸದ ಕೊರತೆಯೆಂದು ತಿಳಿಯದೆ ವೈದ್ಯರನ್ನು ಕಾಣಿ. ಖಿನ್ನತೆಗೂ ಆತಂಕಕ್ಕೂ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ, ಆಲೋಚನೆಗಳನ್ನು ಹಿಡಿದು ಪರೀಕ್ಷಿಸುವ ಮನೋಚಿಕಿತ್ಸೆಯನ್ನು ರೂಪಿಸಿದವರಲ್ಲಿ ಆಲ್ಬರ್ಟ್ ಎಲಿಸ್ ಎಪಿಕ್ಟೀಟಸ್‌ನಿಂದ ಪ್ರೇರಣೆ ಪಡೆದೆನೆಂದು ಹೇಳಿದ್ದಾರೆ. ಆರನ್ ಬೆಕ್ ಮತ್ತು ಅವರ ಸಹೋದ್ಯೋಗಿಗಳು 1979ರಲ್ಲಿ ಆ ಚಿಕಿತ್ಸೆಯ ತಾತ್ತ್ವಿಕ ಮೂಲವನ್ನು ಸ್ಟೋಯಿಕರಲ್ಲೇ ಗುರುತಿಸಿದ್ದಾರೆ. ಹಾಳೆಯ ಮೇಲೆ ನೀವೊಬ್ಬರೇ ಮಾಡಬೇಕೆಂದು ನಾನು ಮೇಲೆ ಹೇಳಿದ ಕೆಲಸವನ್ನು ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ನಿಮ್ಮ ಜೊತೆ ಕುಳಿತು ಮಾಡಿಸಬಲ್ಲರು. ಊರಿಗೆ ಹೋಗಿಬರುವುದನ್ನು ಅಲ್ಲಿಯವರೆಗೆ ಮುಂದೂಡಬೇಡಿ.